ಗುಂಡು ಮುಗಿಯದ ಬಂದೂಕು

ಬಂದೂಕೆಂಬುದು ಒಂದು ಯಂತ್ರ. ಮಗ್ಗದಂತೆ, ಲೇತಿನಂತೆ, ಹಿಟ್ಟಿನ ಗಿರಣಿಯಂತೆ ಅದೂ ಕಬ್ಬಿಣದಲ್ಲಿ ಮಾಡಿದ ಒಂದು ಯಂತ್ರವೇ. ಅದಕ್ಕೆ ತೂಕವಿದೆ, ಸದ್ದಿದೆ, ಕಾವಿದೆ. ಅದು ತಿನ್ನುವ ಸರಕಿದೆ, ಆ ಸರಕಿಗೆ ಲೆಕ್ಕವಿದೆ. ಕೊಳೆ ತುಂಬಿದರೆ ಕಟ್ಟಿಕೊಳ್ಳುತ್ತದೆ, ಎಣ್ಣೆ ಕಾಣದಿದ್ದರೆ ಕೈಕೊಡುತ್ತದೆ. ಅದನ್ನು ನಡೆಸುವವನಿಗೆ ಕಲಿಕೆ ಬೇಕು, ಪಕ್ಕದಲ್ಲಿ ಜತೆಗಾರ ಬೇಕು, ಬೆನ್ನ ಹಿಂದೆ ಸರಕು ಹೊತ್ತು ತರುವವರು ಬೇಕು. ಗಿರಣಿಯಲ್ಲಿ ಪಾಳಿ ದುಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸಾಹಸ ಚಿತ್ರಗಳ ಬಂದೂಕು ಈ ಯಾವ ನಿಯಮಕ್ಕೂ ಒಳಪಟ್ಟಿಲ್ಲ. ನಾಯಕನ ಕೈಗೆ ಬಂದೊಡನೆ ಅದು ಹೂವಿನಷ್ಟು ಹಗುರಾಗುತ್ತದೆ. ಗುಂಡು ಮುಗಿಯುವುದಿಲ್ಲ, ನಳಿಗೆ ಕಾಯುವುದಿಲ್ಲ, ಕಾದರೂ ಅದೊಂದು ಶೋಭೆ. ಎದುರಾಳಿಗಳು ನೂರು ಗುಂಡು ಹಾರಿಸಿದರೂ ನಾಯಕನ ಅಂಗಿಯ ಗುಂಡಿ ಕಿತ್ತುಬರುವುದಿಲ್ಲ; ಅವನು ಓಡುತ್ತ ಹಾರಿಸಿದ ಒಂದೊಂದು ಗುಂಡೂ ಒಬ್ಬೊಬ್ಬನನ್ನು ಕೆಡವುತ್ತದೆ. ಹೀಗೆ ಒಬ್ಬನೇ ಒಬ್ಬ ಮನುಷ್ಯ ಒಂದು ದಂಡನ್ನೇ ಸೋಲಿಸುತ್ತಾನೆ. ಟಾಕೀಸಿನಲ್ಲಾಗಲಿ, ಅಂಗೈಯ ಮೊಬೈಲಿನಲ್ಲಾಗಲಿ, ನಮ್ಮ ಮಕ್ಕಳು ಕಾಣುವ ಯುದ್ಧ ಬಹುಪಾಲು ಇದೇ.

ಸಿನಿಮಾ ಎಂದರೆ ಮನೋರಂಜನೆ, ಅದರಲ್ಲಿ ತೂಕ ಅಳತೆ ಹುಡುಕುವುದು ರಸಭಂಗ ಎನ್ನುವವರಿದ್ದಾರೆ. ಅರ್ಜುನನ ಅಕ್ಷಯ ತೂಣೀರವನ್ನು ಒಪ್ಪಿದವರು ನಾಯಕನ ಅಕ್ಷಯ ಬಂದೂಕನ್ನು ಏಕೆ ಒಪ್ಪಬಾರದು ಎಂಬುದು ಅವರ ವಾದ. ಬಯಲಾಟದ ಅರ್ಜುನ ಕಿರೀಟ ಕಟ್ಟಿ, ಬಣ್ಣ ಬಳಿದು, ಕುಣಿಯುತ್ತ ರಂಗಕ್ಕೆ ಬರುತ್ತಾನೆ. ತಾನು ಪುರಾಣದವನು ಎಂದು ತಾನೇ ಸಾರಿಕೊಂಡು ಬರುತ್ತಾನೆ. ಆಟ ನೋಡಿದ ಯಾರೂ ಮಾರನೆಯ ಬೆಳಿಗ್ಗೆ ತಮಗೆ ಬಿಲ್ವಿದ್ಯೆ ತಿಳಿಯಿತೆಂದು ಭಾವಿಸುವುದಿಲ್ಲ. ಸಿನಿಮಾ ಮಾಡುವುದು ಹಾಗಲ್ಲ. ನಿಜವಾದ ಸಮವಸ್ತ್ರ, ನಿಜವಾದ ಬಂದೂಕಿನ ಆಕಾರ, ನಿಜವಾದ ಊರಿನ ಹೆಸರು ತೋರಿಸಿ, ಮೇಲೆ ‘ನೈಜ ಘಟನೆ ಆಧಾರಿತ’ ಎಂಬ ಮುದ್ರೆಯನ್ನೂ ಒತ್ತಿ, ಆಮೇಲೆ ಸುಳ್ಳು ಹೇಳುತ್ತದೆ.

ಇನ್ನು ಪುರಾಣದ ಮಾತು. ಮಹಾಭಾರತವು ಈ ವಿಷಯದಲ್ಲಿ ಇಂದಿನ ಸಿನಿಮಾಕ್ಕಿಂತ ಎಷ್ಟೋ ಪ್ರಾಮಾಣಿಕ. ಅಲ್ಲಿ ಕರ್ಣನಂಥ ವೀರನ ರಥದ ಗಾಲಿ ನೆಲದಲ್ಲಿ ಹೂತುಹೋಗುತ್ತದೆ. ಅವನು ಕೆಳಗಿಳಿದು ಕೈಯಾರೆ ಎತ್ತಬೇಕಾಗುತ್ತದೆ. ಅರ್ಜುನನಿಗೂ ಸಾರಥಿಯಿಲ್ಲದೆ ಯುದ್ಧವಿಲ್ಲ. ಕೊನೆಗೆ ಮೌಸಲ ಪರ್ವದಲ್ಲಿ ಆ ಅಕ್ಷಯ ಬತ್ತಳಿಕೆಯೂ ಬರಿದಾಗಿ ಗಾಂಡೀವಿ ದಾರಿಗಳ್ಳರ ಮುಂದೆ ನಿಸ್ಸಹಾಯಕನಾಗಿ ನಿಲ್ಲುತ್ತಾನೆ. ಗಾಲಿ ಹೂಳುತ್ತದೆ, ಬಾಣ ಮುಗಿಯುತ್ತದೆ, ಜತೆಗಾರನಿಲ್ಲದೆ ವೀರನಿಲ್ಲ ಎಂಬ ಮೂರು ಮಾತು ನಮ್ಮ ಹಿರಿಯರಿಗೆ ಗೊತ್ತಿತ್ತು. ಇಂದಿನ ಸಾಹಸ ಚಿತ್ರ ಮರೆಸುವುದು ಈ ಮೂರನ್ನೇ.

ತಕ್ಕಡಿಯ ಲೆಕ್ಕ

ಮೊದಲು ತೂಕದ ವಿಷಯ ನೋಡೋಣ. ಅಂಗಡಿಯ ತಕ್ಕಡಿ ಹಿಡಿದವರಿಗೆ ಇದು ಸುಲಭ.

ಅಮೆರಿಕದ ‘ರ್‍ಯಾಂಬೋ’ ಚಿತ್ರಗಳನ್ನು ಹಿರಿಯ ವಾಚಕರು ಮರೆತಿರಲಾರರು. 1985ರ ಎರಡನೆಯ ಚಿತ್ರದಲ್ಲಿ ಅಂಗಿಯಿಲ್ಲದ ನಾಯಕ ಎಂ-60 ಎಂಬ ಮೆಷಿನ್ ಗನ್ನನ್ನು ಸೊಂಟದ ಬಳಿ ಹಿಡಿದು ಮಳೆಗರೆಯುತ್ತಾನೆ. ಆ ಬಂದೂಕಿನ ತೂಕ ಸುಮಾರು ಹತ್ತೂವರೆ ಕಿಲೋ. ನಿಮಿಷಕ್ಕೆ ಸುಮಾರು 600 ಗುಂಡು ಅದರ ವೇಗ, ಅಂದರೆ ಸೆಕೆಂಡಿಗೆ ಹತ್ತು. ನೂರು ತೋಟಾಗಳ ಒಂದು ಪಟ್ಟಿ ಸುಮಾರು ಮೂರು ಕಿಲೋ ತೂಗುತ್ತದೆ. ಕುದುರೆ ಎಳೆದು ಹಿಡಿದರೆ ಆ ಪಟ್ಟಿ ಹತ್ತೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಎರಡು ನಿಮಿಷ ಎಡೆಬಿಡದೆ ಹಾರಿಸಬೇಕಾದರೆ 1,200 ತೋಟಾ ಬೇಕು. ಅದರ ತೂಕವೇ ಸುಮಾರು 35 ಕಿಲೋ. ಬಂದೂಕೂ ಸೇರಿದರೆ ಒಂದು ಸಿಮೆಂಟಿನ ಚೀಲಕ್ಕೆ ಸ್ವಲ್ಪ ಕಡಿಮೆ. ಅದನ್ನು ಹೆಗಲಿಗೆ ಹಾಕಿಕೊಂಡು ಕಾಡಿನಲ್ಲಿ ಓಡುವವನು ಯಾರು? ತೆರೆಯ ಮೇಲೆ ಯಾರೂ ಹೊರುವುದಿಲ್ಲ. ಪಟ್ಟಿ ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ.

ದಾಸ್ತಾನಿನ ಲೆಕ್ಕವನ್ನು ಹೀಗೆ ಬರೆಯುವ ಅಂಗಡಿಯವನು ಮೂರು ದಿನ ವ್ಯಾಪಾರ ಮಾಡಲಾರ. ಸೈನಿಕನ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ನಿಜವಾದ ಸಿಪಾಯಿ ಎಣಿಸಿ ಹಾರಿಸುತ್ತಾನೆ. ಅವನ ರೈಫಲಿನ ತೋಟಾ ಪೆಟ್ಟಿಗೆಯಲ್ಲಿ ಇರುವುದು 20 ಅಥವಾ 30 ಗುಂಡು. ಸ್ವಯಂಚಾಲಿತ ಬಂದೂಕನ್ನು ಒಂದೇ ಎಳೆತಕ್ಕೆ ಬಿಟ್ಟರೆ 30 ಗುಂಡು ಸುಮಾರು ಮೂರು ಸೆಕೆಂಡಿನ ಮಾತು. ಆಮೇಲೆ ಅವನ ಕೈಯಲ್ಲಿರುವುದು ನಾಲ್ಕು ಕಿಲೋದ ಕಬ್ಬಿಣ ಮಾತ್ರ. ಆದುದರಿಂದಲೇ ತರಬೇತಿಯಲ್ಲಿ ಮತ್ತೆ ಮತ್ತೆ ಕಲಿಸುವ ಪಾಠ ಗುಂಡು ಹಾರಿಸುವುದಷ್ಟೇ ಅಲ್ಲ. ಯಾವಾಗ ಹಾರಿಸಬಾರದು, ಪೆಟ್ಟಿಗೆ ಬದಲಿಸುವಾಗ ಪಕ್ಕದವನಿಗೆ ಹೇಗೆ ತಿಳಿಸಬೇಕು ಎಂಬುದೂ ಸಹ.

ಕಾವು, ಸದ್ದು, ಕೊಳೆ

ನಮ್ಮ ನಾಡಿನದೇ ಉದಾಹರಣೆ ಬೇಕಾದರೆ ದೂರ ಹೋಗಬೇಕಾಗಿಲ್ಲ. 2022ರ ‘ಕೆ.ಜಿ.ಎಫ್: ಚಾಪ್ಟರ್ 2’ ಚಿತ್ರದಲ್ಲಿ ನಾಯಕ ಪೊಲೀಸ್ ಠಾಣೆಯ ಮುಂದೆ ‘ದೊಡ್ಡಮ್ಮ’ ಎಂಬ ಮೆಷಿನ್ ಗನ್ನಿನಿಂದ ಗುಂಡಿನ ಮಳೆ ಸುರಿಸಿ, ಕೆಂಪಗೆ ಕಾದ ನಳಿಗೆಗೆ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನೆ. ಟಾಕೀಸುಗಳಲ್ಲಿ ಅದಕ್ಕೆ ಬಿದ್ದ ಶಿಳ್ಳೆ ಎಲ್ಲರಿಗೂ ನೆನಪಿದೆ. ನ್ಯಾಯವಾಗಿ ಹೇಳಬೇಕಾದರೆ ಆ ದೃಶ್ಯದಲ್ಲಿ ಅರ್ಧ ಸತ್ಯವಿದೆ. ಎಡೆಬಿಡದೆ ಹಾರಿಸಿದರೆ ನಳಿಗೆ ಕೆಂಪಗಾಗುವುದು ನಿಜ. ಸುಳ್ಳಿರುವುದು ಆಮೇಲಿನ ಭಾಗದಲ್ಲಿ. ಅಷ್ಟು ಕಾದ ನಳಿಗೆ ಬಾಗುತ್ತದೆ, ಸವೆಯುತ್ತದೆ, ಗುಂಡು ಗುರಿ ತಪ್ಪುತ್ತದೆ. ಒಳಗೆ ಉಳಿದ ತೋಟಾ ಕಾವಿಗೇ ಸಿಡಿದು, ಯಾರೂ ಕುದುರೆ ಎಳೆಯದೆಯೇ ಗುಂಡು ಹಾರಬಹುದು. ಅಂಥ ಬಂದೂಕಿನ ಬಾಯಿಗೆ ಮುಖ ಒಡ್ಡುವವನು ವೀರನಲ್ಲ, ತರಬೇತಿಯಿಲ್ಲದವನು.

ಕಾವಿಗೆ ಸೈನ್ಯ ಕಂಡುಕೊಂಡ ಪರಿಹಾರ ಬೇರೆ. ಸಣ್ಣ ಸಣ್ಣ ಕಂತುಗಳಲ್ಲಿ ಹಾರಿಸುವುದು, ಹೊತ್ತು ಹೊತ್ತಿಗೆ ನಳಿಗೆ ಬದಲಿಸುವುದು. ಹೇಳಿದೆವಲ್ಲ, ಆ ಎಂ-60 ಬಂದೂಕಿನ ಜತೆಗೆ ಒಂದು ಬದಲಿ ನಳಿಗೆಯನ್ನೂ, ಕಾದ ನಳಿಗೆ ಹಿಡಿಯಲು ಆಸ್ಬೆಸ್ಟಾಸಿನ ಒಂದು ಕೈಚೀಲವನ್ನೂ ಕೊಡುತ್ತಿದ್ದರು. ಬಾಯ್ಲರಿನ ಬಳಿ ದುಡಿದವರಿಗೆ ಆ ಕೈಚೀಲದ ಬೆಲೆಯೂ ಗೊತ್ತು, ಅದರ ಅಪಾಯವೂ ಗೊತ್ತು. ಆ ಕೈಚೀಲ ತೊಟ್ಟ ನಾಯಕನನ್ನು ಯಾರಾದರೂ ತೆರೆಯ ಮೇಲೆ ಕಂಡದ್ದುಂಟೇ?

ಸದ್ದಿನ ವಿಷಯವೂ ಇಷ್ಟೇ. ಮಗ್ಗದ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 95ರಿಂದ 100 ಡೆಸಿಬಲ್ಲಿನಷ್ಟಿರುತ್ತದೆ. ಇಪ್ಪತ್ತು ವರ್ಷ ಅಲ್ಲಿ ನಿಂತವರ ಕಿವಿ ಏನಾಗುತ್ತದೆ ಎಂಬುದನ್ನು ನಮ್ಮ ಮನೆಗಳಲ್ಲೇ ಕಾಣುತ್ತೇವೆ. ರೈಫಲಿನ ಒಂದು ಸಿಡಿತ ಸುಮಾರು 160 ಡೆಸಿಬಲ್. ಡೆಸಿಬಲ್ಲಿನ ಲೆಕ್ಕದಲ್ಲಿ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರಿತೆಂದು ಅರ್ಥ. ಮುಚ್ಚಿದ ಕೋಣೆಯಲ್ಲಿ ಅಂಥ ಹತ್ತು ಸಿಡಿತವಾದ ಮರುಕ್ಷಣವೇ ಸಿನಿಮಾದ ನಾಯಕ ನಾಯಕಿಯ ಕಿವಿಯಲ್ಲಿ ಪಿಸುಗುಟ್ಟುತ್ತಾನೆ, ಅವಳಿಗೆ ಕೇಳಿಸುತ್ತದೆ! ಬಂದೂಕಿನ ಬಾಯಿಗೆ ಸದ್ದಡಗಿಸುವ ಕೊಳವೆ ಸಿಕ್ಕಿಸಿದರೆ ‘ಫುಸ್’ ಎಂದು ಗಾಳಿ ಬಿಟ್ಟಂತೆ ಕೇಳುವುದೂ ಸ್ಟುಡಿಯೋದ ಕೈಚಳಕವೇ. ಕೊಳವೆ ಸದ್ದನ್ನು ತಗ್ಗಿಸುತ್ತದೆ ನಿಜ. ತಗ್ಗಿದ ಮೇಲೂ ಅದು ಸಾಮಾನ್ಯವಾಗಿ ಮಗ್ಗದ ಶೆಡ್ಡಿಗಿಂತ ಜೋರಾಗಿಯೇ ಇರುತ್ತದೆ. ಕೈಬಾಂಬಿನ ಕೀಲನ್ನು ಹಲ್ಲಿನಿಂದ ಕೀಳುವುದೂ ಹೀಗೆಯೇ. ತಾನಾಗಿ ಜಾರದಿರಲೆಂದು ತುದಿ ಬಾಗಿಸಿದ ಆ ಕೀಲನ್ನು ಕೀಳಹೋದರೆ ಬರುವುದು ಹಲ್ಲು. ಕೈಬಾಂಬು ಸಿಡಿದಾಗ ತೆರೆಯ ಮೇಲೆ ಏಳುವ ಬೆಂಕಿಯ ಚೆಂಡು ಪೆಟ್ರೋಲಿನದು. ನಿಜವಾದ ಕೈಬಾಂಬು ಹೊಗೆ ಧೂಳು ಎಬ್ಬಿಸಿ, ಚೂರುಗಳಿಂದ ಕೊಲ್ಲುತ್ತದೆ. ಕ್ಯಾಮೆರಾಕ್ಕೆ ಆ ಚೂರು ಕಾಣುವುದಿಲ್ಲ, ಬೆಂಕಿ ಕಾಣುತ್ತದೆ.

ಇನ್ನು ಕೊಳೆ. ರ್‍ಯಾಂಬೋ ಎಂಬ ಪಾತ್ರ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿ ಬಂದವನು ಎಂಬುದು ಕಥೆ. ಅದೇ ವಿಯೆಟ್ನಾಮಿನಲ್ಲಿ 1966-67ರಲ್ಲಿ ನಿಜವಾಗಿ ನಡೆದದ್ದೇನು? ಅಮೆರಿಕದ ಸೈನ್ಯ ತನ್ನ ಜವಾನರ ಕೈಗೆ ಎಂ-16 ಎಂಬ ಹೊಸ ರೈಫಲ್ ಕೊಟ್ಟಿತು. ಇದಕ್ಕೆ ಶುಚಿ ಮಾಡುವ ಗೊಡವೆಯೇ ಹೆಚ್ಚಿಲ್ಲ ಎಂಬ ಮಾತು ಹಬ್ಬಿತ್ತು. ಶುಚಿಗೊಳಿಸುವ ಸಾಮಾನು ಸಾಲದಾಗಿತ್ತು. ಮೊದಲು ಪರೀಕ್ಷಿಸಿದ್ದ ಮದ್ದನ್ನು ಬಿಟ್ಟು ಬೇರೆ ಬಗೆಯ ಮದ್ದನ್ನು ತೋಟಾಗಳಲ್ಲಿ ತುಂಬಿದ್ದರು. ಪರಿಣಾಮವಾಗಿ ಕಾಳಗದ ನಡುವೆಯೇ ಬಂದೂಕುಗಳು ಕಟ್ಟಿಕೊಂಡವು. ಸಿಕ್ಕಿಕೊಂಡ ಖಾಲಿ ತೋಟಾವನ್ನು ಹೊರದೂಡಲು ಬಂದೂಕು ಬಿಚ್ಚಿಕೊಂಡು ಕೂತಿದ್ದ ಸ್ಥಿತಿಯಲ್ಲೇ ಸತ್ತ ಹುಡುಗರ ಸುದ್ದಿ ಊರಿಗೆ ಮುಟ್ಟಿತು. ತಪ್ಪು ಹುಡುಗರದು, ಅವರು ಬಂದೂಕು ಶುಚಿಯಾಗಿಡಲಿಲ್ಲ ಎಂದು ಮೇಲಿನವರು ಹೇಳಿದರು. ಯಂತ್ರ ಕೆಟ್ಟರೆ ಕೆಲಸಗಾರನೇ ಹೊಣೆ ಎಂಬ ಈ ರಾಗ ನಮಗೆ ಹೊಸದಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿ, ಇಡೀ ವ್ಯವಹಾರ ಅಪರಾಧಕ್ಕೆ ಸಮೀಪವಾದ ನಿರ್ಲಕ್ಷ್ಯವೆಂದು ಬರೆಯಿತು.

ಬಂದೂಕು ಕಟ್ಟಿಕೊಂಡು ಮಕ್ಕಳು ಸತ್ತ ಅದೇ ಕಾಡಿಗೆ, ಎಂದೂ ಕಟ್ಟಿಕೊಳ್ಳದ ಬಂದೂಕು ಕೊಟ್ಟು ನಾಯಕನನ್ನು ಸಿನಿಮಾ ಕಳುಹಿಸಿತು. ಆ ಹುಡುಗರ ಸಾವಿಗೆ ಯಾರು ಹೊಣೆ ಎಂಬ ಪ್ರಶ್ನೆ ಆ ಗುಂಡಿನ ಸದ್ದಿನಲ್ಲಿ ಮುಳುಗಿಹೋಯಿತು.

ಎರಡನೆಯ ಆಳು

ಆಯುಧಕ್ಕಿಂತಲೂ ದೊಡ್ಡ ಸುಳ್ಳು ಯುದ್ಧದ ರೀತಿಯದು. ಮೆಷಿನ್ ಗನ್ನನ್ನು ಒಬ್ಬನೇ ನಡೆಸುವುದಿಲ್ಲ. ಒಬ್ಬ ಹಾರಿಸುತ್ತಾನೆ, ಇನ್ನೊಬ್ಬ ತೋಟಾದ ಪಟ್ಟಿ ಹಿಡಿದು ಒಳಗೆ ಕೊಡುತ್ತಾನೆ, ಗುರಿ ನೋಡಿ ಹೇಳುತ್ತಾನೆ, ನಳಿಗೆ ಬದಲಿಸುತ್ತಾನೆ; ಮತ್ತೊಬ್ಬ ತೋಟಾ ಹೊತ್ತು ತರುತ್ತಾನೆ. ತೆರೆಯ ಮೇಲೆ ಮೊದಲನೆಯವನು ಮಾತ್ರ ಉಳಿದಿದ್ದಾನೆ. ಎರಡನೆಯ ಆಳನ್ನೂ ಮೂರನೆಯ ಆಳನ್ನೂ ಚಿತ್ರದಿಂದ ತೆಗೆದುಹಾಕಿದ್ದಾರೆ.

ತುಕಡಿಯ ನಡೆಯೂ ಹೀಗೆಯೇ. ಬಯಲಿನಲ್ಲಿ ಸೈನಿಕರು ಒಬ್ಬರಿಂದೊಬ್ಬರು ಹಲವು ಗಜ ದೂರವಿರುತ್ತಾರೆ. ಒಂದು ಬಾಂಬಿಗೆ ನಾಲ್ವರು ಸಾಯಬಾರದೆಂದು. ಸಿನಿಮಾದಲ್ಲಿ ಎಲ್ಲರೂ ಮದುವೆಯ ಫೋಟೋಕ್ಕೆ ನಿಂತಂತೆ ಒತ್ತಾಗಿ ನಡೆಯುತ್ತಾರೆ, ಏಕೆಂದರೆ ಚೌಕಟ್ಟಿನಲ್ಲಿ ಎಲ್ಲರೂ ಹಿಡಿಸಬೇಕು. ಮುನ್ನುಗ್ಗುವಾಗ ಒಂದು ಗುಂಪು ಗುಂಡು ಹಾರಿಸಿ ಶತ್ರು ತಲೆ ಎತ್ತದಂತೆ ಮಾಡುತ್ತದೆ, ಆ ಹೊತ್ತಿನಲ್ಲಿ ಇನ್ನೊಂದು ಗುಂಪು ಹತ್ತಿಪ್ಪತ್ತು ಗಜ ಓಡಿ ನೆಲಕ್ಕೆ ಬೀಳುತ್ತದೆ. ಆಮೇಲೆ ಅದರ ಸರದಿ. ಹೀಗೆ ಹಾರಿಸಿದ ಗುಂಡುಗಳಲ್ಲಿ ಬಹುಪಾಲು ಯಾರಿಗೂ ತಾಗುವುದಿಲ್ಲ. ತಾಗಲೆಂದು ಹಾರಿಸಿದ್ದೂ ಅಲ್ಲ. ಜತೆಗಾರ ಓಡಲಿ ಎಂದು ಹಾರಿಸಿದ್ದು. ನಿನ್ನ ಓಟಕ್ಕೆ ನನ್ನ ಗುಂಡು ಕಾವಲು, ನನ್ನ ಓಟಕ್ಕೆ ನಿನ್ನ ಗುಂಡು ಕಾವಲು. ಇದು ಯುದ್ಧಕಲೆಯ ಮೊದಲ ಪಾಠ. ಒಬ್ಬಂಟಿ ವೀರನ ಕಥೆಯಲ್ಲಿ ಈ ಪಾಠಕ್ಕೆ ಜಾಗವಿಲ್ಲ.

1999ರ ಕಾರ್ಗಿಲ್ ಯುದ್ಧವನ್ನು ತೆಗೆದುಕೊಳ್ಳಿ. 16,000 ಅಡಿ ಎತ್ತರದ ಶಿಖರಗಳಲ್ಲಿ, ಉಸಿರಿಗೆ ಗಾಳಿ ಸಾಲದ ಕಡೆ, ಕಾಲಾಳುಗಳು ರಾತ್ರಿಯ ಕತ್ತಲಲ್ಲಿ ಬಂಡೆ ಹಿಡಿದು ಹತ್ತಿದರು. ಅವರ ಶೌರ್ಯವನ್ನು ಹಲವು ಚಿತ್ರಗಳು ತೋರಿಸಿವೆ, ತೋರಿಸಬೇಕಾದದ್ದೇ. ಆದರೆ ಆ ಯುದ್ಧದಲ್ಲಿ ಭಾರತದ ತೋಪುಗಳು ಹಾರಿಸಿದ ಗುಂಡು, ರಾಕೆಟ್ಟುಗಳು ಎರಡೂವರೆ ಲಕ್ಷ. ಬೋಫೋರ್ಸ್ ತೋಪಿನ ಒಂದು ಗುಂಡು 40 ಕಿಲೋಗೂ ಮೇಲೆ ತೂಗುತ್ತದೆ. ಲಾರಿಯಲ್ಲಿ ಏರಿಸಿ, ಕಣಿವೆಯ ದಾರಿಯಲ್ಲಿ ತಂದು, ಇಳಿಸಿ, ಜೋಡಿಸಿ, ತೋಪಿಗೆ ಮುಟ್ಟಿಸಿದವರು ಮನುಷ್ಯರು. ಶಿಖರದ ಮೇಲಿನವರಿಗೆ ಅನ್ನ, ನೀರು, ತೋಟಾ ಹೊತ್ತವರಲ್ಲಿ ಲಡಾಖಿನ ಹಳ್ಳಿಗಳ ಜನರೂ ಇದ್ದರು. ಬೆಟ್ಟದ ಮೇಲೆ ಗಾಯಗೊಂಡ ಒಬ್ಬನನ್ನು ಕೆಳಗಿಳಿಸಲು ಕನಿಷ್ಠ ನಾಲ್ಕು ಜನ ಬೇಕು. ಅಧಿಕೃತ ಲೆಕ್ಕದಂತೆ ಸತ್ತವರು 527, ಗಾಯಗೊಂಡವರು 1,363. ಅವರನ್ನು ಹೊತ್ತ ಹೆಗಲುಗಳನ್ನು ಲೆಕ್ಕ ಹಾಕಿ ನೋಡಿ. ನಮ್ಮ ಚಿತ್ರಗಳಲ್ಲಿ ಆ ತೋಪುಗಾರರಿಗೂ, ಹೊರೆಯಾಳುಗಳಿಗೂ ಸಿಕ್ಕ ಪಾಲು ಅತ್ಯಲ್ಪ. ಭುಜಕ್ಕೆ ಗುಂಡು ಬಿದ್ದ ನಾಯಕ ಬಟ್ಟೆ ಕಟ್ಟಿಕೊಂಡು ಮತ್ತೆ ಓಡುತ್ತಾನೆ. ಭುಜದಲ್ಲಿ ದೊಡ್ಡ ರಕ್ತನಾಳವೂ, ಇಡೀ ತೋಳನ್ನು ಆಡಿಸುವ ನರಗಳ ಕಟ್ಟೂ ಇದೆ ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ.

ಲೊಂಗೇವಾಲದ ರಾತ್ರಿ

1997ರ ‘ಬಾರ್ಡರ್’ ಚಿತ್ರವನ್ನು ನೋಡದ ಮನೆಯಿಲ್ಲ. ಅದರ ಕಥೆಗೆ ಆಧಾರ 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೊಂಗೇವಾಲ ಠಾಣ್ಯದಲ್ಲಿ ನಡೆದ ಕಾಳಗ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಕೈಕೆಳಗೆ ಇದ್ದವರು ಸುಮಾರು 120 ಜನ. ಎದುರಿಗೆ ಬಂದದ್ದು ಪಾಕಿಸ್ತಾನದ ಟ್ಯಾಂಕುಗಳ ದೊಡ್ಡ ಪಡೆ. ಠಾಣ್ಯ ಬಿಟ್ಟು ಹಿಂದೆ ಸರಿಯದೆ ಬೆಳಗಿನ ತನಕ ಹಿಡಿದು ನಿಂತದ್ದು ಸಾಮಾನ್ಯ ಧೈರ್ಯವಲ್ಲ. ಅದಕ್ಕಾಗಿ ಮೇಜರರಿಗೆ ಮಹಾವೀರ ಚಕ್ರ ಸಂದಿತು.

ಆದರೆ ಅವರು ನಿಂತದ್ದು ಹೇಗೆ? ಮರಳ ದಿಬ್ಬದ ಎತ್ತರದ ಅನುಕೂಲವಿತ್ತು. ಜೀಪಿನ ಮೇಲೆ ಕೂರಿಸಿದ, ಟ್ಯಾಂಕು ಒಡೆಯುವ ತೋಪಿತ್ತು. ಮುಳ್ಳುತಂತಿ ಕಂಡು ಮುಂದೆ ನೆಲಬಾಂಬಿನ ಹೊಲವಿದೆಯೆಂದು ಶಂಕಿಸಿ ಶತ್ರು ತಡೆದು ನಿಂತ. ಹೀಗೆ ಹೊತ್ತು ಕಳೆಯಿತು. ಜೈಸಲ್ಮೇರಿನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿ ಹೊಡೆಯುವ ಸಾಧನವಿರಲಿಲ್ಲ. ಬೆಳಕು ಹರಿದೊಡನೆ ಅವು ಬಂದು ಬಯಲಿನಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದವು. ತಾಳ್ಮೆ, ನೆಲದ ತಿಳುವಳಿಕೆ, ನಿಸ್ತಂತುವಿನಲ್ಲಿ ಕಳುಹಿಸಿದ ಸುದ್ದಿ, ಭೂಸೇನೆ ವಾಯುಸೇನೆಗಳ ಹೊಂದಾಣಿಕೆ, ಇವು ಗೆದ್ದವು. ಚಿತ್ರದಲ್ಲಿಯೂ ವಿಮಾನಗಳು ಬರುತ್ತವೆ. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ನಾಯಕನ ಕೂಗು ಮತ್ತು ಟ್ಯಾಂಕಿಗೆ ಎದೆಯೊಡ್ಡಿದ ಸಾವುಗಳ ಸಾಲು.

ನಿಜವಾಗಿ ಆ ಠಾಣ್ಯದಲ್ಲಿ ಸತ್ತ ನಮ್ಮವರು ಇಬ್ಬರು. ಇದು ಸೈನ್ಯಕ್ಕೆ ಅವಮಾನವೇ? ಅಲ್ಲ, ಇದೇ ಅದರ ಹೆಗ್ಗಳಿಕೆ. ಕಡಿಮೆ ಪ್ರಾಣ ಕಳೆದು ಕೆಲಸ ಸಾಧಿಸಿದ ಮುಖಂಡನೇ ಒಳ್ಳೆಯ ಮುಖಂಡ. ಸಿನಿಮಾಕ್ಕೆ ಮಾತ್ರ ಹೆಣ ಸಾಲದಾಯಿತು. ಅಂದು ಗಡಿ ಭದ್ರತಾ ಪಡೆಯಿಂದ ಆ ಠಾಣ್ಯದಲ್ಲಿದ್ದು ಮೆಷಿನ್ ಗನ್ ಹಿಡಿದು ಕಾದಿದ ಭೈರೋನ್ ಸಿಂಗ್ ರಾಥೋಡರನ್ನು ಚಿತ್ರ ರಣರಂಗದಲ್ಲೇ ಸಾಯಿಸಿತು. ಆದರೆ ಆ ಮನುಷ್ಯ ಯುದ್ಧ ಮುಗಿಸಿ, ಸೇನಾ ಪದಕ ಪಡೆದು, ನಿವೃತ್ತರಾಗಿ ಊರಿಗೆ ಹೋಗಿ ಬದುಕಿದ್ದರು. ತೆರೆಯ ಮೇಲೆ ತಾವು ಸತ್ತ 25 ವರ್ಷಗಳ ನಂತರ, 2022ರ ಡಿಸೆಂಬರಿನಲ್ಲಿ, ಜೋಧಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಬದುಕಿ ಬಂದ ಸೈನಿಕನ ಮುಂದಿನ ಬಾಳಿನ ಬಗೆಗೆ, ಅವನ ಪಿಂಚಣಿ, ಅವನ ಮುಪ್ಪು, ಅವನ ಆಸ್ಪತ್ರೆಯ ಬಗೆಗೆ ಟಿಕೆಟ್ಟು ಮಾರುವವರಿಗೆ ಆಸಕ್ತಿಯಿಲ್ಲ. ಸತ್ತವನಿಗೆ ಒಂದು ಹಾಡು ಸಾಕು.

ಪಾಠ ಕಲಿತ ಚಿತ್ರಗಳು

ಎಲ್ಲ ಚಿತ್ರಗಳೂ ಹೀಗೆ ಎಂದರೆ ಅನ್ಯಾಯವಾದೀತು. ವಿಯೆಟ್ನಾಮಿನಲ್ಲಿ ಕಾದಾಡಿದ್ದ ಡೇಲ್ ಡೈ ಎಂಬ ನಿವೃತ್ತ ಸೈನ್ಯಾಧಿಕಾರಿ 1986ರ ‘ಪ್ಲಟೂನ್’ ಚಿತ್ರದ ನಟರನ್ನು ಫಿಲಿಪೈನ್ಸಿನ ಕಾಡಿಗೆ ಒಯ್ದು, ಹೊರೆ ಹೊರಿಸಿ, ಗುಂಡಿ ತೋಡಿಸಿ, ನಿದ್ದೆಗೆಡಿಸಿ, ಆಮೇಲೆ ಕ್ಯಾಮೆರಾದ ಮುಂದೆ ನಿಲ್ಲಿಸಿದ. ತೆರೆಯ ಮೇಲೆ ಆ ದಣಿವು ಕಾಣುತ್ತದೆ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರಕ್ಕೂ ಅವನೇ ಗುರು. ಅದರ ಮೊದಲ ಭಾಗದಲ್ಲಿ, 1944ರ ನಾರ್ಮಂಡಿಯ ಕಡಲ ದಂಡೆಯಲ್ಲಿ, ಯಾರೂ ನಾಯಕರಲ್ಲ. ಗುಂಡು ಯಾರ ಮುಖ ನೋಡಿಯೂ ಬರುವುದಿಲ್ಲ. 1995ರ ‘ಹೀಟ್’ ಚಿತ್ರದ ಬೀದಿ ಕಾಳಗಕ್ಕೆ ಬ್ರಿಟಿಷ್ ವಿಶೇಷ ದಳದಿಂದ ಬಂದವರು ನಟರಿಗೆ ತರಬೇತಿ ಕೊಟ್ಟರು. ಅಲ್ಲಿ ಗುಂಡು ಮುಗಿಯುತ್ತದೆ, ತೋಟಾ ಪೆಟ್ಟಿಗೆ ಬದಲಾಗುತ್ತದೆ, ಒಬ್ಬ ಓಡುವಾಗ ಇನ್ನೊಬ್ಬ ಕಾವಲಿಗೆ ಹಾರಿಸುತ್ತಾನೆ. ಕೆಲಸ ಬಲ್ಲವನ ಮಾತು ಕೇಳಿದರೆ ಚಿತ್ರ ಕೆಡುವುದಿಲ್ಲ, ಜನ ನೋಡಲಾರರು ಎಂಬುದೂ ಸುಳ್ಳು. ಈ ಚಿತ್ರಗಳನ್ನು ಜನ ಮುಗಿಬಿದ್ದು ನೋಡಿದರು.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಬಂದೂಕು ಹಿಡಿದ ರೀತಿ ಸರಿಯಾಗಿದ್ದ ಮಾತ್ರಕ್ಕೆ ಕಥೆ ಸತ್ಯವಾಗುವುದಿಲ್ಲ. 2001ರ ‘ಬ್ಲ್ಯಾಕ್ ಹಾಕ್ ಡೌನ್’ ಚಿತ್ರ 1993ರ ಅಕ್ಟೋಬರಿನಲ್ಲಿ ಸೊಮಾಲಿಯಾದ ಮೊಗಾದಿಶುವಿನಲ್ಲಿ ನಡೆದ ಕಾಳಗವನ್ನು ತೋರಿಸುತ್ತದೆ. ಹೆಲಿಕಾಪ್ಟರುಗಳನ್ನು ಕೊಟ್ಟದ್ದು ಅಮೆರಿಕದ ಸೈನ್ಯವೇ. ನಟರಿಗೆ ತರಬೇತಿ ಸಿಕ್ಕಿದ್ದೂ ಅಲ್ಲಿಯ ಸೈನಿಕ ಶಿಬಿರಗಳಲ್ಲೇ. ಆಯುಧದ ವಿವರ ಅಚ್ಚುಕಟ್ಟು. ಆದರೆ ಆ ಕಾಳಗದಲ್ಲಿ ಸತ್ತ 18 ಅಮೆರಿಕನ್ನರಿಗೆ ಮುಖವಿದೆ, ಹೆಸರಿದೆ. ನೂರಾರು ಸಂಖ್ಯೆಯಲ್ಲಿ ಸತ್ತ ಸೊಮಾಲಿಗಳಿಗೆ ಹೆಸರೂ ಇಲ್ಲ, ತಾಯಿಯೂ ಇಲ್ಲ. ಸಿಕ್ಕಿಬಿದ್ದ ಅಮೆರಿಕನ್ನರನ್ನು ಬಿಡಿಸಿ ತರಲು ಮಲೇಷ್ಯಾ, ಪಾಕಿಸ್ತಾನಗಳ ಸೈನಿಕರು ತಮ್ಮ ಗಾಡಿಗಳಲ್ಲಿ ಗುಂಡಿನ ನಡುವೆ ಹೋದರು, ಮಲೇಷ್ಯಾದ ಒಬ್ಬ ಸೈನಿಕ ಪ್ರಾಣ ಕೊಟ್ಟ. ಚಿತ್ರದಲ್ಲಿ ಅವರ ಪಾಲು ತೀರ ಕಿರಿದಾಯಿತು.

ಏಕೆ ಹೀಗೆ ಎಂದು ಕೇಳಿದರೆ, ಟ್ಯಾಂಕು ವಿಮಾನ ಯಾರದೋ ಕಥೆಯ ಮೇಲಿನ ಹಿಡಿತವೂ ಅವರದೇ. ಅಮೆರಿಕದ ರಕ್ಷಣಾ ಇಲಾಖೆ ಮೊದಲು ಚಿತ್ರಕಥೆ ಓದುತ್ತದೆ, ಬದಲಾವಣೆ ಕೇಳುತ್ತದೆ, ಒಪ್ಪಿದರೆ ಮಾತ್ರ ಸಾಮಗ್ರಿ ಕೊಡುತ್ತದೆ. 1986ರಲ್ಲಿ ಎರಡು ಚಿತ್ರ ಬಂದವು: ನೌಕಾದಳವನ್ನು ಹೊಗಳಿದ ‘ಟಾಪ್ ಗನ್’ ಚಿತ್ರಕ್ಕೆ ಯುದ್ಧವಿಮಾನಗಳೂ ವಿಮಾನವಾಹಕ ಹಡಗೂ ಸಿಕ್ಕವು, ಯುದ್ಧದ ಕೊಳಕನ್ನು ತೋರಿಸಿದ ‘ಪ್ಲಟೂನ್’ ಚಿತ್ರಕ್ಕೆ ಏನೂ ಸಿಗಲಿಲ್ಲ. ನಮ್ಮಲ್ಲಿಯೂ 2020ರ ಜುಲೈಯಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೈನ್ಯದ ವಿಷಯದ ಚಿತ್ರ ತೆಗೆಯುವವರು ತನ್ನಿಂದ ಮೊದಲೇ ನಿರಾಕ್ಷೇಪಣ ಪತ್ರ ಪಡೆಯುವಂತೆ ಸೂಚಿಸಬೇಕೆಂದು ಕೋರಿತು. ಸೈನ್ಯದ ಗುಟ್ಟು ಕಾಯುವುದು ಬೇರೆ, ಸೈನಿಕನ ಕಷ್ಟ ಹೇಳದಂತೆ ಮಾಡುವುದು ಬೇರೆ. ಈ ಎರಡರ ನಡುವಿನ ಗೆರೆಯನ್ನು ಜನ ಕಣ್ಣಿಟ್ಟು ಕಾಯಬೇಕು.

ಚಿತ್ರೀಕರಣದ ಕೆಲಸಗಾರರು

ಬಂದೂಕನ್ನು ಆಟಿಕೆಯಂತೆ ತೋರಿಸುವ ಕಸುಬು, ಅದನ್ನು ಆಟಿಕೆಯಂತೆ ನಡೆಸಲೂ ಕಲಿಯಿತು. ಚಿತ್ರೀಕರಣದಲ್ಲಿ ಬಳಸುವುದು ಹುಸಿ ತೋಟಾ. ಅದರಲ್ಲಿ ಸೀಸದ ಗುಂಡಿಲ್ಲ, ಮದ್ದು ಮಾತ್ರ ಇದೆ. ಆದರೆ ಮದ್ದು ಮದ್ದೇ. 1984ರಲ್ಲಿ ಅಮೆರಿಕದ ನಟನೊಬ್ಬ ಹುಸಿ ತೋಟಾದ ಪಿಸ್ತೂಲನ್ನು ತಮಾಷೆಗೆ ಹಣೆಯ ಪಕ್ಕಕ್ಕೆ ಹಿಡಿದು ಕುದುರೆ ಎಳೆದು ಪ್ರಾಣ ಬಿಟ್ಟ. 1993ರಲ್ಲಿ ‘ದಿ ಕ್ರೋ’ ಚಿತ್ರೀಕರಣದಲ್ಲಿ, ಹಿಂದಿನ ದೃಶ್ಯವೊಂದರಲ್ಲಿ ನಳಿಗೆಯೊಳಗೆ ಸಿಕ್ಕಿ ಉಳಿದಿದ್ದ ಗುಂಡನ್ನು ಯಾರೂ ನೋಡಲಿಲ್ಲ. ಹುಸಿ ತೋಟಾದ ಮದ್ದು ಅದನ್ನು ಹೊರದೂಡಿ, 28 ವರ್ಷದ ಬ್ರ್ಯಾಂಡನ್ ಲೀ ಸತ್ತ.

2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ ‘ರಸ್ಟ್’ ಚಿತ್ರದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ನಟನ ಕೈಯಲ್ಲಿದ್ದ ಪಿಸ್ತೂಲಿನಿಂದ ಹಾರಿದ ನಿಜವಾದ ಗುಂಡಿಗೆ ಬಲಿಯಾದಳು. ಆ ದಿನದ ಬೆಳಗಿನ ಸಂಗತಿಯನ್ನು ನಮ್ಮ ವಾಚಕರು ಗಮನಿಸಬೇಕು. ಹೆಚ್ಚು ಗಂಟೆಗಳ ದುಡಿಮೆ, ದೂರದ ವಸತಿ, ಸಂಬಳದ ತೊಂದರೆ, ಸುರಕ್ಷತೆಯ ಕೊರತೆ ಇವುಗಳ ವಿರುದ್ಧ ಕ್ಯಾಮೆರಾ ವಿಭಾಗದ ಹಲವರು ಅಂದೇ ಕೆಲಸ ಬಿಟ್ಟು ಹೊರನಡೆದಿದ್ದರು. ಅದಕ್ಕೆ ಮೊದಲೇ ಬಂದೂಕುಗಳು ತಪ್ಪಿ ಸಿಡಿದಿದ್ದವು. ಆಯುಧಗಳ ಹೊಣೆ ಹೊತ್ತವಳಿಗೇ ಬೇರೆ ಕೆಲಸವನ್ನೂ ಹಚ್ಚಿದ್ದರು. ಅಲ್ಲಿಯ ಕಾರ್ಮಿಕ ಸುರಕ್ಷತಾ ಇಲಾಖೆ 2022ರಲ್ಲಿ ನಿರ್ಮಾಣ ಸಂಸ್ಥೆಗೆ ಕಾನೂನಿನಲ್ಲಿದ್ದ ಗರಿಷ್ಠ ದಂಡ, 1,36,793 ಡಾಲರ್, ವಿಧಿಸಿತು. ಆಮೇಲೆ ರಾಜಿಯಲ್ಲಿ ಅದೂ 1,00,000ಕ್ಕೆ ಇಳಿಯಿತು. ಆಯುಧ ನೋಡಿಕೊಳ್ಳುತ್ತಿದ್ದ ಹುಡುಗಿಗೆ 2024ರಲ್ಲಿ ಒಂದೂವರೆ ವರ್ಷ ಸೆರೆಮನೆಯಾಯಿತು. ಅವಳ ತಪ್ಪು ದೊಡ್ಡದೇ ಇರಬಹುದು. ಆದರೆ ಖರ್ಚು ಕಡಿಮೆ ಮಾಡಲು ಇಬ್ಬರ ಕೆಲಸವನ್ನು ಒಬ್ಬರಿಗೆ ಹೊರಿಸುವ ಪದ್ಧತಿಗೆ ಸೆರೆಮನೆಯಿಲ್ಲ.

ನಮ್ಮಲ್ಲಿಯೂ 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಕನ್ನಡ ಚಿತ್ರವೊಂದರ ಸಾಹಸ ದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ಸತ್ತರು. ಅಲ್ಲಿ ಬಂದೂಕಿರಲಿಲ್ಲ; ಆದರೆ ರೋಗ ಅದೇ. ತೆರೆಯ ಮೇಲೆ ಅಪಾಯವೇ ಇಲ್ಲವೆಂದು ತೋರಿಸಿ ತೋರಿಸಿ, ತೆರೆಯ ಹಿಂದೆಯೂ ಇಲ್ಲವೆಂದು ನಂಬಿದ ರೋಗ.

ನಾವೇನು ಕೇಳಬೇಕು

ಸಿನಿಮಾ ನೋಡಬೇಡಿ ಎಂದು ಈ ಪತ್ರಿಕೆ ಹೇಳುವುದಿಲ್ಲ. ವಾರವಿಡೀ ದುಡಿದ ಮನುಷ್ಯ ಎರಡು ತಾಸು ನಕ್ಕು, ಶಿಳ್ಳೆ ಹೊಡೆದು ಬಂದರೆ ಅದರಲ್ಲಿ ತಪ್ಪಿಲ್ಲ. ಆದರೆ ಸೈನ್ಯ ಸೇರುವ ಮಕ್ಕಳು ಬಹುಪಾಲು ರೈತರ, ಕೂಲಿಕಾರರ, ಸಣ್ಣ ಅಂಗಡಿಯವರ ಮನೆಯವರು. 2022ರಿಂದೀಚೆಗೆ ಅಗ್ನಿಪಥ ಯೋಜನೆಯಂತೆ ಸೇರುವ ಜವಾನನಿಗೆ ನಾಲ್ಕು ವರ್ಷದ ನೌಕರಿ. ಆಮೇಲೆ ಕಾಯಂ ಆಗುವವರು ನೂರಕ್ಕೆ 25ನ್ನು ಮೀರುವಂತಿಲ್ಲ ಎಂಬ ನಿಯಮದೊಡನೆ ಯೋಜನೆ ಬಂತು. ಅಂಥ ಕೆಲಸಕ್ಕೆ ಹೊರಟ ಹುಡುಗನಿಗೆ ಆ ಕೆಲಸದ ನಿಜವಾದ ತೂಕ ತಿಳಿದಿರಬೇಕು. ದೂರದರ್ಶನದ ಮುಂದೆ ಕೂತು ಯುದ್ಧವಾಗಲಿ ಎಂದು ಕೂಗುವವನಿಗೂ ಅದು ತಿಳಿದಿರಬೇಕು. ಹತ್ತು ಸೆಕೆಂಡಿನಲ್ಲಿ ಒಂದು ಪಟ್ಟಿ ಖಾಲಿಯಾಗುತ್ತದೆ, ಗಾಯಗೊಂಡ ಒಬ್ಬನಿಗೆ ನಾಲ್ಕು ಹೆಗಲು ಬೇಕು ಎಂದು ಬಲ್ಲವನು ಅಷ್ಟು ಸುಲಭವಾಗಿ ಯುದ್ಧ ಕೇಳಲಾರ.

ಆದ್ದರಿಂದ ಚಿತ್ರ ತೆಗೆಯುವವರಲ್ಲಿ ನಮ್ಮ ಬೇಡಿಕೆ ಮೂರೇ. ನೈಜ ಘಟನೆ ಎಂದು ಮುದ್ರೆ ಒತ್ತಿದರೆ, ಬದುಕಿದವರನ್ನು ಸಾಯಿಸಬೇಡಿ, ಸತ್ತವರನ್ನು ಮರೆಸಬೇಡಿ. ನಾಯಕನ ಪಕ್ಕದಲ್ಲಿ ಆ ಎರಡನೆಯ ಆಳನ್ನು, ತೋಟಾ ಹೊತ್ತವನನ್ನು, ಗಾಯಾಳು ಹೊತ್ತವನನ್ನು ತೋರಿಸಿ. ಚಿತ್ರೀಕರಣದ ಜಾಗಕ್ಕೆ ನಿಜವಾದ ಗುಂಡು ಬಾರದಿರಲಿ, ಅಪಾಯ ಕಂಡ ಕೆಲಸಗಾರನಿಗೆ ಕೆಲಸ ನಿಲ್ಲಿಸುವ ಹಕ್ಕಿರಲಿ.

ನೋಡುವವರಾದ ನಮಗೂ ಒಂದು ಕೆಲಸವಿದೆ. ಮುಂದಿನ ಸಲ ಮಗನನ್ನೋ ತಮ್ಮನನ್ನೋ ಕರೆದುಕೊಂಡು ಹೋದಾಗ, ನಾಯಕ ಕುದುರೆ ಎಳೆದೊಡನೆ ಒಂದು, ಎರಡು, ಮೂರು ಎಂದು ಎಣಿಸಲು ಕಲಿಸಿ. ಮೂರು ಸೆಕೆಂಡು ಕಳೆದ ಮೇಲೂ ಬಂದೂಕು ಗುಡುಗುತ್ತಲೇ ಇದ್ದರೆ, ಆ ಗುಂಡುಗಳನ್ನು ಹೊತ್ತು ತಂದವನು ಎಲ್ಲಿ ಎಂದು ಅವನನ್ನೇ ಕೇಳಿ.